ಕಾಳಿ ಅಳಿವೆಯಿಂದ ಕೂರ್ಮಗಡಕ್ಕೆ: ಕಡಲ ಮೇಲೆ ಒಂದು ಹಗಲು

ಬೆಳಗ್ಗೆ ದಡ ಬಿಟ್ಟು, ದ್ವೀಪಗಳ ಮಗ್ಗುಲಲ್ಲಿ ಸಾಗಿ, ಸಂಜೆಯೊಳಗೆ ಅದೇ ದಡಕ್ಕೆ ಮರಳುವ ದೋಣಿಯಾನ ಇಂದು ಜಗತ್ತಿನ ಅನೇಕ ಕರಾವಳಿಗಳಲ್ಲಿ ದೊಡ್ಡ ಉದ್ಯಮ. ಮೆಡಿಟರೇನಿಯನ್ ಸಮುದ್ರದ ಸ್ಯಾಂಟೊರಿನಿ, ಮಾಲ್ಟಾ, ಸೈಪ್ರಸ್, ಮಯೋರ್ಕಾ ದ್ವೀಪಗಳಲ್ಲಿ ಇದಕ್ಕೆ ಕ್ಯಾಟಮರಾನ್ ಎಂಬ ಜೋಡಿ ಒಡಲಿನ ನೌಕೆ ಬಳಸುತ್ತಾರೆ. ಕರ್ನಾಟಕದಲ್ಲಿ ಇಂಥ ಯಾನಕ್ಕೆ ಹೇಳಿ ಮಾಡಿಸಿದ ಜಾಗಗಳಲ್ಲಿ ಕಾರವಾರ ಒಂದು. ಕಾಳಿ ನದಿಯ ಅಳಿವೆ, ದೇವಬಾಗದ ಮರಳದಂಡೆ, ಕೂರ್ಮಗಡ, ದೀಪಸ್ತಂಭ ಹೊತ್ತ ದೇವಗಡ, ದಕ್ಷಿಣಕ್ಕೆ ಅಂಜುದೀವ ದ್ವೀಪಗಳು, ಇವೆಲ್ಲ ಒಂದೇ ಹಗಲಿನ ನೋಟದೊಳಗೆ ಬರುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ರಾಜ್ಯದೊಳಗಿನ ಹತ್ತಿರದ ಕಡಲತೀರಗಳಲ್ಲಿ ಇದೂ ಒಂದು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಯ ದಾರಿಯಲ್ಲಿ ಕಾರವಾರ ಸುಮಾರು 165 ಕಿಲೋಮೀಟರ್.

ನೀರು ಮೂಡಲಿಗೆ, ಹತ್ತಿ ಪಡುವಲಿಗೆ

ಈ ನಾಲ್ಕು ತಾಲ್ಲೂಕುಗಳ ಬದುಕಿಗೆ ಆಧಾರವಾದ ಮಲಪ್ರಭೆ ಅರಬ್ಬಿ ಸಮುದ್ರದ ಕಡೆ ಮುಖ ಮಾಡಿದ ನದಿಯಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರಿಗೆ ಹತ್ತಿರದ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ತಡೆದು ನಿಂತು, ರಾಮದುರ್ಗವನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಇಲ್ಲಿ ಬಿದ್ದ ಮಳೆ ಕೊನೆಗೆ ತಲುಪುವುದು ಬಂಗಾಳ ಕೊಲ್ಲಿಯನ್ನು.

ಆದರೆ ಇಲ್ಲಿ ಬೆಳೆದ ಹತ್ತಿ ಹೋಗುತ್ತಿದ್ದುದು ಪಡುವಣ ಕಡಲಿಗೆ. ಧಾರವಾಡ, ಬೆಳಗಾವಿ ಸೀಮೆಯ ಎರೆಹೊಲದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಹೀಗಾಗಿ ಕುಮಟೆಯಲ್ಲಿ ಬೆಳೆಯದ ಆ ಹತ್ತಿ ಮುಂಬಯಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ ಬ್ರಿಟಿಷರ ಕಣ್ಣು ಈ ಎರೆಭೂಮಿಯ ಮೇಲೆ ಬಿತ್ತು. ಮಳೆಗಾಲದಲ್ಲೂ ಒಂದಿಷ್ಟು ಆಸರೆ ಕೊಡಬಲ್ಲ ಕಾರವಾರದ ಕೊಲ್ಲಿಯನ್ನು ದೊಡ್ಡ ಬಂದರು ಮಾಡುವ ಯೋಜನೆ ಹುಟ್ಟಿತು. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಮ್ಯಾಂಚೆಸ್ಟರ್‌ನ ಒಂದು ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಾಳಿಯ ಉತ್ತರ ದಡದ ಸದಾಶಿವಗಡಕ್ಕೆ ತಂದಿತು. ದೇವಗಡದ ದೀಪಸ್ತಂಭ ಎದ್ದದ್ದೂ ಅದೇ ದಶಕದಲ್ಲಿ.

1865ರಲ್ಲಿ ಯುದ್ಧ ಮುಗಿದು ಹತ್ತಿಯ ದರ ಕುಸಿಯಿತು. ಕಾರವಾರಕ್ಕೆ ಬರಬೇಕಿದ್ದ ರೈಲು ಬರಲಿಲ್ಲ. 1880ರ ದಶಕದ ಕೊನೆಗೆ ಗೋವೆಯ ಮುರಗಾಂವ್ ಬಂದರಿಗೆ ರೈಲು ಓಡತೊಡಗಿದ ಮೇಲೆ ಬೆಳವಲದ ಸರಕು ಆ ಕಡೆ ತಿರುಗಿತು. ಕಾರವಾರದವರು ರೈಲು ಕಂಡದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಮೂಲಕ. ಹುಬ್ಬಳ್ಳಿಯನ್ನು ಅಂಕೋಲೆಗೆ ಜೋಡಿಸುವ ಮಾರ್ಗ ಇನ್ನೂ ಆಗಿಲ್ಲ. ಹತ್ತಿಗಾಡಿ ಇಳಿಯುತ್ತಿದ್ದ ಘಟ್ಟಗಳಲ್ಲಿ ಈಗ ಇಳಿಯುವುದು ಶಾಲಾಪ್ರವಾಸದ ಬಸ್ಸು ಮತ್ತು ಸಂಸಾರ ಸಮೇತ ಕಡಲು ನೋಡಹೊರಟವರ ವಾಹನ.

ಒಂದೊಡಲು, ಎರಡೊಡಲು

ಮೆಡಿಟರೇನಿಯನ್‌ನಲ್ಲಿ ಓಡುವ ಕ್ಯಾಟಮರಾನ್‌ಗೆ ಉದ್ದನೆಯ, ಸಪೂರ ಒಡಲುಗಳು ಎರಡು. ಅವುಗಳ ನಡುವೆ ಅಂತರ ಬಿಟ್ಟು ಮೇಲೆ ಅಗಲವಾದ ಅಟ್ಟ ಹಾಸಿರುತ್ತಾರೆ. ಚಕ್ಕಡಿಯ ಎರಡು ಗಾಲಿ ದೂರ ದೂರ ಇದ್ದಷ್ಟೂ ಅದು ಮಗ್ಗುಲಾಗುವುದು ಕಡಿಮೆ. ಇಲ್ಲಿಯ ಲೆಕ್ಕವೂ ಅದೇ. ಅಲೆ ಒಂದು ಬದಿಯನ್ನು ಎತ್ತಿದರೆ ಇನ್ನೊಂದು ಬದಿಯ ಒಡಲು ನೀರನ್ನು ಒತ್ತಿ ತಡೆಯುತ್ತದೆ. ಒಡಲು ಸಪೂರವಾದ್ದರಿಂದ ನೀರಿನ ಎದುರೊತ್ತು ಕಡಿಮೆ, ವೇಗ ಹೆಚ್ಚು. ತಳ ಆಳಕ್ಕೆ ಇಳಿಯದ ಕಾರಣ ದ್ವೀಪದ ಸಣ್ಣ ಕೊಲ್ಲಿಗಳೊಳಗೂ ಹೋಗಬಹುದು. ಎರಡೂ ಒಡಲಿಗೆ ಒಂದೊಂದು ಎಂಜಿನ್ ಇದ್ದರೆ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿ ನೌಕೆಯನ್ನು ನಿಂತಲ್ಲೇ ತಿರುಗಿಸಬಹುದು. ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿಯಾದ ಬಲೆ ಕಟ್ಟಿರುತ್ತಾರೆ. ಅಲೆಯ ನೀರು ಅಟ್ಟದ ಮೇಲೆ ನಿಲ್ಲದೆ ಬಲೆಯಿಂದ ಕೆಳಗೆ ಸೋರಿಹೋಗುತ್ತದೆ, ಯಾತ್ರಿಕರು ಅದರ ಮೇಲೆ ಮಲಗಿ ಕೆಳಗಿನ ಕಡಲನ್ನು ನೋಡುತ್ತಾರೆ.

ಈ ಸ್ಥಿರತೆಗೆ ಒಂದು ಮಿತಿಯೂ ಇದೆ. ಅಡಿಯಲ್ಲಿ ಭಾರ ಹೊತ್ತ ಒಂದೊಡಲಿನ ಹಾಯಿದೋಣಿ ವಾಲಿದರೂ ತಾನಾಗಿ ನೆಟ್ಟಗಾಗಲು ಹವಣಿಸುತ್ತದೆ. ಜೋಡಿ ಒಡಲಿನದು ಸುಲಭವಾಗಿ ವಾಲದು. ಆದರೆ ಒಮ್ಮೆ ಮಗುಚಿದರೆ ತಾನಾಗಿ ಏಳದು. ಅದಕ್ಕೇ ಎಷ್ಟು ಜನ, ಎಷ್ಟು ಗಾಳಿಯವರೆಗೆ ಎಂಬ ನಿಯಮಗಳು ಅಲ್ಲಿ ಕಟ್ಟುನಿಟ್ಟು.

ಕಾರವಾರದಲ್ಲಿ ಯಾತ್ರಿಕರನ್ನು ಒಯ್ಯುವುದು ಬಹುಮಟ್ಟಿಗೆ ಒಂದೊಡಲಿನ ಮೋಟಾರು ದೋಣಿ. ದೋಣಿಯನ್ನು ಅಗಲ ಮಾಡಿ ಸ್ಥಿರಗೊಳಿಸುವ ಉಪಾಯ ಮಾತ್ರ ಈ ಕರಾವಳಿಗೂ ಹಳೆಯದು. ಸಣ್ಣ ದೋಣಿಯ ಒಂದು ಬದಿಗೆ ಎರಡು ಬಾಗಿದ ಮರಗಳನ್ನು ಚಾಚಿ, ಅವುಗಳ ತುದಿಗೆ ತೇಲುವ ದಿಮ್ಮಿ ಕಟ್ಟುವ ಪದ್ಧತಿಯನ್ನು ಇಲ್ಲಿನ ಮೀನುಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ.

ಅಲ್ಲಿ ಬೇಸಿಗೆ, ಇಲ್ಲಿ ಚಳಿಗಾಲ

ಮೆಡಿಟರೇನಿಯನ್‌ನಲ್ಲಿ ಮಳೆ, ಬಿರುಗಾಳಿ ಬರುವುದು ಚಳಿಗಾಲದಲ್ಲಿ. ಆದ್ದರಿಂದ ಅಲ್ಲಿನ ಯಾನಗಳ ಕಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಕಾರವಾರದಲ್ಲಿ ಇದು ತಿರುವುಮುರುವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಕಡಲನ್ನು ಕದಡಿ ಹಾಕುತ್ತದೆ. ಮೀನು ಮರಿಮಾಡುವ ಕಾಲವೂ ಅದೇ ಆದ್ದರಿಂದ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ರಾಜ್ಯದಲ್ಲಿ ನಿಷೇಧವಿರುತ್ತದೆ. ನೀರು ತಿಳಿಯಾಗಿ ದ್ವೀಪಯಾನಕ್ಕೆ ಹದವಾಗುವುದು ಅಕ್ಟೋಬರ್ ನಂತರ. ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯ ಕಾಲ.

ಒಳ್ಳೆಯ ದಿನದೊಳಗೂ ಒಳ್ಳೆಯ ಹೊತ್ತು ಬೇರೆಯೇ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಅಲೆ ತಗ್ಗಿರುತ್ತದೆ. ಹೊತ್ತು ಏರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಇದು ಜೋರಾಗಿ ಅಲೆಗಳು ಏಳುತ್ತವೆ. ಬೇಗ ಹೊರಟು ಬೇಗ ಮರಳಬೇಕೆಂದು ದೋಣಿ ನಡೆಸುವ ತಾಂಡೇಲರು ಹೇಳುವ ಮಾತಿಗೆ ಈ ಗಾಳಿಯೇ ಕಾರಣ.

ಇನ್ನೊಂದು ವ್ಯತ್ಯಾಸ ಉಬ್ಬರ ಇಳಿತದ್ದು. ಮೆಡಿಟರೇನಿಯನ್ ಬಹುತೇಕ ಮುಚ್ಚಿದ ಸಮುದ್ರ; ಅಲ್ಲಿನ ಹೆಚ್ಚಿನ ಕಡೆ ನೀರು ಅರ್ಧ ಮೀಟರ್ ಕೂಡ ಏರಿಳಿಯುವುದಿಲ್ಲ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಸುಮಾರು ಎರಡು ಮೀಟರ್‌ವರೆಗೂ ಹೋಗುತ್ತದೆ. ಬೆಳಗ್ಗೆ ನೀರಡಿಯಲ್ಲಿದ್ದ ಬಂಡೆ ಮಧ್ಯಾಹ್ನ ಹೊರಬರಬಹುದು. ಹೋಗುವಾಗ ಆಳವಿದ್ದ ಜಾಗದಲ್ಲಿ ಬರುವಾಗ ಮರಳದಿಬ್ಬ ಸಿಗಬಹುದು.

ಯಾನದ ದಾರಿ

ಯಾನ ಸಾಮಾನ್ಯವಾಗಿ ಶುರುವಾಗುವುದು ಕಾಳಿಯ ದಕ್ಷಿಣ ದಡದ ಕೋಡಿಬಾಗದಿಂದ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟುವ ಕಾಳಿ ಸುಮಾರು 184 ಕಿಲೋಮೀಟರ್ ಹರಿದು, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ವಿದ್ಯುತ್ತಿಗೆ ದುಡಿದು ಇಲ್ಲಿ ಕಡಲಿಗೆ ಬೀಳುತ್ತದೆ. ಅಳಿವೆಯ ಅಂಚಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿ ಮರಿಗಳು ಬೆಳೆಯುತ್ತವೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು, ಕಾಲಿನಿಂದ ಮರಳು ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಉತ್ತರದ ದಡದಲ್ಲಿ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆಗುಡ್ಡ ಕಾಣುತ್ತದೆ. ಮುಂದೆ ನದಿ ಮತ್ತು ಕಡಲಿನ ನಡುವೆ ಚಾಚಿದ ಮರಳುಪಟ್ಟಿಯೇ ಗಾಳಿಮರಗಳ ದೇವಬಾಗ.

ಅಳಿವೆ ದಾಟಿದ ಮೇಲೆ ಡಾಲ್ಫಿನ್‌ಗಳು ಕಾಣುವ ಸಂಭವ ಹೆಚ್ಚು. ಇವು ಬೆನ್ನ ಮೇಲೆ ಡುಬ್ಬವಿರುವ, ದಡದ ಹತ್ತಿರವೇ ಬದುಕುವ ಜಾತಿಯವು. ಮೀನಿಗಾಗಿ ಅಳಿವೆಯ ಬಾಯಿಗೆ ಬಂದು, ಉಸಿರೆಳೆಯಲು ನೀರ ಮೇಲೆ ಬೆನ್ನು ತೋರಿಸಿ ಮತ್ತೆ ಮುಳುಗುತ್ತವೆ. ಎಂಜಿನ್ ತಗ್ಗಿಸಿ ದೂರದಲ್ಲೇ ನಿಂತರೆ ಅವು ತಮ್ಮ ಪಾಡಿಗೆ ತಾವು ಇರುತ್ತವೆ. ಬೆನ್ನಟ್ಟಿದರೆ ಮೇವು ಬಿಟ್ಟು ಚದುರುತ್ತವೆ.

ಕೂರ್ಮಗಡ, ದೇವಗಡಗಳು ಕಡಲಿನಿಂದ ಎದ್ದ ನೆಲವಲ್ಲ, ಕಡಲಿನಲ್ಲಿ ಮುಳುಗಿ ಉಳಿದ ಗುಡ್ಡಗಳು. ಕಾರವಾರದಲ್ಲಿ ಸಹ್ಯಾದ್ರಿಯ ಸಾಲುಗಳು ಸಮುದ್ರದವರೆಗೂ ಬರುತ್ತವೆ. ಹಿಮಯುಗ ಮುಗಿದು ಸಮುದ್ರಮಟ್ಟ ನೂರು ಮೀಟರಿಗೂ ಹೆಚ್ಚು ಏರಿದಾಗ ಆ ಸಾಲುಗಳ ತಗ್ಗು ಮುಳುಗಿ ತಲೆ ಮಾತ್ರ ಉಳಿಯಿತು. ಸ್ಯಾಂಟೊರಿನಿಯ ಹುಟ್ಟು ಬೇರೆ: ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ಬಾಯಿಯೊಳಗೆ ಕಡಲು ನುಗ್ಗಿದ್ದರಿಂದ ಅಲ್ಲಿ ಕಡಿದಾದ ಬಂಡೆಗೋಡೆಗಳ ಕೊಲ್ಲಿಯಾಗಿದೆ.

ದಕ್ಷಿಣದ ಅಂಜುದೀವಕ್ಕೆ ಯಾತ್ರಿಕರಿಗೆ ಪ್ರವೇಶವಿಲ್ಲ. ಅದು ನೌಕಾಪಡೆಯ ವಶದಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಮುಂಬಯಿಯ ಹಸ್ತಾಂತರಕ್ಕಾಗಿ ಕಾಯುತ್ತ ಇಲ್ಲಿ ಬೀಡುಬಿಟ್ಟ ಇಂಗ್ಲಿಷ್ ಪಡೆಯ ಬಹುಪಾಲು ಜನ ಕಾಯಿಲೆಯಿಂದ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಇಲ್ಲಿಯೇ ತೀರಿಕೊಂಡ. 1961ರ ಡಿಸೆಂಬರ್‌ನಲ್ಲಿ ಭಾರತೀಯ ನೌಕಾಪಡೆ ಪೋರ್ಚುಗೀಸರಿಂದ ದ್ವೀಪವನ್ನು ಬಿಡಿಸಿಕೊಂಡಾಗ ನಮ್ಮ ಏಳು ಮಂದಿ ಪ್ರಾಣ ಕೊಟ್ಟರು. ಈ ಕಡಲಿಗೆ ಕಾವಲಾಗಿರುವ ಐಎನ್‌ಎಸ್ ಕದಂಬ ನೆಲೆ ಸೇವೆಗೆ ಸೇರಿದ್ದು 2005ರಲ್ಲಿ.

ಒಂದೇ ಹುಣ್ಣಿಮೆ, ಎರಡು ಜಾತ್ರೆ

ಕೂರ್ಮಗಡಕ್ಕೆ ಅತಿ ಹೆಚ್ಚು ಜನ ದೋಣಿ ಹತ್ತುವುದು ವರ್ಷಕ್ಕೊಮ್ಮೆ, ಪುಷ್ಯಮಾಸದ ಹುಣ್ಣಿಮೆಯಂದು ನಡೆಯುವ ನರಸಿಂಹ ದೇವರ ಜಾತ್ರೆಗೆ. ಮಲಪ್ರಭೆಯ ಸೀಮೆಯವರಿಗೆ ಅದು ಬನದ ಹುಣ್ಣಿಮೆ. ಅದೇ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜನಸಾಗರ ನೆರೆಯುತ್ತದೆ, ಎತ್ತಿನ ಬಂಡಿಗಳು ಗುಡ್ಡದತ್ತ ಸಾಲುಗಟ್ಟುತ್ತವೆ. ಗುಡ್ಡದ ಜಾತ್ರೆಗೆ ಹುಣ್ಣಿಮೆ ಬೆಳಕು ಕೊಡುತ್ತದೆ. ದ್ವೀಪದ ಜಾತ್ರೆಯಲ್ಲಿ ಅದೇ ಚಂದ್ರ ನೀರನ್ನೂ ಎಳೆಯುತ್ತಾನೆ. ಹುಣ್ಣಿಮೆಯ ದಿನ ಉಬ್ಬರ ಇಳಿತದ ಸೆಳೆತ ತೀವ್ರ. ಅಳಿವೆಯಲ್ಲಿ ಹೊರಹರಿಯುವ ಇಳಿತದ ನೀರಿಗೆ ಒಳಬರುವ ಅಲೆ ಎದುರಾದರೆ ಅಲೆಗಳ ನಡುವಿನ ಅಂತರ ಕುಗ್ಗಿ, ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಅದಕ್ಕೆ ಮಧ್ಯಾಹ್ನದ ಕಡಲಗಾಳಿ ಕೂಡಿದರೆ ಸಣ್ಣ ದೋಣಿಗೆ ಅದೇ ಕಷ್ಟದ ಹೊತ್ತು.

2019ರ ಜನವರಿ 21ರಂದು ಈ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಘಟ್ಟದ ಮೇಲಿನ ಊರುಗಳಿಂದ ಬಂದವರೂ, ಮಕ್ಕಳೂ ಇದ್ದರು. ಬಯಲುನಾಡಿನ ಬಹುಪಾಲು ಜನಕ್ಕೆ ಈಜು ಬರುವುದಿಲ್ಲ, ಕಡಲಿನ ಲಕ್ಷಣವೂ ತಿಳಿದಿರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಇನ್ನಿಬ್ಬರು ಹತ್ತಿದರೆ ಎಂಜಿನ್ ಏದುಸಿರು ಬಿಟ್ಟೀತು, ಅಷ್ಟೆ. ದೋಣಿಯಲ್ಲಿ ಇನ್ನಿಬ್ಬರು ಹತ್ತಿದರೆ ಅದರ ಅಂಚು ನೀರಿಗೆ ಅಷ್ಟು ಹತ್ತಿರವಾಗುತ್ತದೆ. ಎಲ್ಲರೂ ಫೋಟೋ ತೆಗೆಯಲು ಒಂದೇ ಬದಿಗೆ ಸರಿದರೆ ಆ ಅಂಚೇ ಮೊದಲು ಮುಳುಗುತ್ತದೆ.

ಹೊರಡುವವರಿಗೆ ತಿಳಿದಿರಬೇಕಾದದ್ದು

ದಡ ಬಿಡುವ ಮೊದಲು ನೋಡಬೇಕಾದವು ಕೆಲವೇ. ದೋಣಿಗೆ ಪರವಾನಗಿ ಇರಬೇಕು. ಎಷ್ಟು ಜನರ ಮಿತಿ ಎಂಬುದನ್ನು ಕೇಳಿ, ತಲೆ ಎಣಿಸಬೇಕು. ಪ್ರತಿಯೊಬ್ಬರಿಗೂ, ಮಕ್ಕಳಿಗೆ ಅವರ ಅಳತೆಯದೇ ಆದ, ತೇಲುಕವಚ ಸಿಗಬೇಕು. ಅದು ಸೀಟಿನ ಕೆಳಗಿದ್ದರೆ ಪ್ರಯೋಜನವಿಲ್ಲ. ಮೈಮೇಲಿದ್ದು ಪಟ್ಟಿ ಬಿಗಿದಿರಬೇಕು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಕಡಲಿಗೆ ಇಳಿಯಬಾರದು. ಇವತ್ತು ಬೇಡ ಎಂದು ತಾಂಡೇಲ ಹೇಳಿದರೆ ಹೆಚ್ಚು ದುಡ್ಡಿನ ಆಸೆ ತೋರಿಸಿ ಒತ್ತಾಯಿಸಬಾರದು.

ದೋಣಿಯಲ್ಲಿ ಬರುವ ತಲೆಸುತ್ತು, ವಾಂತಿ ಕಾಯಿಲೆಯಲ್ಲ. ಒಳಕಿವಿಗೆ ಓಲಾಟ ಗೊತ್ತಾಗುತ್ತದೆ, ದೋಣಿಯೊಳಗನ್ನೇ ನೋಡುವ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಈ ಎರಡು ಸುದ್ದಿ ಹೊಂದದಿದ್ದಾಗ ಮೈ ಕೆಡುತ್ತದೆ. ದೂರದ ದಿಗಂತವನ್ನು ನೋಡುತ್ತ, ಅಲುಗಾಟ ಕಡಿಮೆ ಇರುವ ನಡುಭಾಗದಲ್ಲಿ ಕುಳಿತರೆ ಬಹುಮಟ್ಟಿಗೆ ತಗ್ಗುತ್ತದೆ. ಬೇಕಾದವರು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ಗುಳಿಗೆ ತೆಗೆದುಕೊಳ್ಳಬೇಕು. ಹಸಿದ ಹೊಟ್ಟೆ, ಬಿರಿಯುವ ಹೊಟ್ಟೆ ಎರಡೂ ಸಲ್ಲ. ಊರಿಂದ ಕಟ್ಟಿ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಡಲಯಾನಕ್ಕೆ ಬಲು ಹೊಂದುವ ಊಟ. ಬಿಸಿಲು ನೀರಿನಿಂದ ಪುಟಿದು ಎರಡು ಕಡೆಯಿಂದ ಸುಡುವುದರಿಂದ ತಲೆಗೆ ವಸ್ತ್ರ, ಕುಡಿಯಲು ಸಾಕಷ್ಟು ನೀರು ಬೇಕೇ ಬೇಕು.

ದ್ವೀಪಗಳು ಚಿಕ್ಕವು, ಅಲ್ಲಿ ಬಿಟ್ಟ ಪ್ಲಾಸ್ಟಿಕ್ ಒಯ್ಯಲು ಯಾವ ಗಾಡಿಯೂ ಬರುವುದಿಲ್ಲ. ಅಲೆ ಅದನ್ನು ಅಳಿವೆಗೆ, ಮೀನುಗಾರರ ಬಲೆಗೆ ತಂದು ಹಾಕುತ್ತದೆ. ಒಯ್ದದ್ದನ್ನೆಲ್ಲ ವಾಪಸು ತರುವುದು ಪ್ರತಿಯೊಬ್ಬ ಯಾತ್ರಿಕನ ಕರ್ತವ್ಯ. ಬೆಳಗ್ಗೆ ಎಂಟರ ಸುಮಾರಿಗೆ ಹೊರಟು, ಗಾಳಿ ಬಲಿಯುವ ಮೊದಲೇ ಅಳಿವೆ ದಾಟಿ ಒಳಗೆ ಬಂದರೆ, ಮಧ್ಯಾಹ್ನದ ಉಳಿದ ಹೊತ್ತನ್ನು ರವೀಂದ್ರನಾಥ ಟ್ಯಾಗೋರರ ಹೆಸರಿನ ಕಡಲತೀರದಲ್ಲಿ ಕಳೆಯಬಹುದು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಇಲ್ಲಿ ಬಂದು ತಂಗಿದ್ದರು. ರಾತ್ರಿಯೊಳಗೆ ಹುಬ್ಬಳ್ಳಿ ಸೇರಿ, ಅಲ್ಲಿಂದ ನಾಲ್ಕೂ ತಾಲ್ಲೂಕುಗಳ ದಾರಿ ಹಿಡಿಯಬಹುದು.