ಶಿವಮೊಗ್ಗದ ಜೆರುಷಾ ಮತ್ತು ಶನಿವಾರದ ಗಾಣಿಗರು

ಶಿವಮೊಗ್ಗದಲ್ಲಿ 1890ರ ಮಾರ್ಚ್ 21ರಂದು ಹುಟ್ಟಿದ ಹೆಣ್ಣುಮಗುವೊಂದಕ್ಕೆ ಜೆರುಷಾ ಎಂದು ಹೆಸರಿಟ್ಟರು. ಮನೆತನದ ಹೆಸರು ಝಿರಾಡ್. ಕೊಂಕಣ ಕರಾವಳಿಯ ಅಲಿಬಾಗ್ ಹತ್ತಿರ ಅದೇ ಹೆಸರಿನ ಹಳ್ಳಿಯಿದೆ. ನಮ್ಮ ಕಡೆ ಊರ ಹೆಸರು ಮನೆತನಕ್ಕೆ ಅಂಟಿಕೊಂಡು ಬರುವ ಹಾಗೆಯೇ ಅದು ಬಂದಿದೆ. ಈ ಮಗು ಮುಂದೆ ದೇಶದ ಹೆಸರಾಂತ ಸ್ತ್ರೀರೋಗ ತಜ್ಞೆ ಡಾ. ಜೆರುಷಾ ಝಿರಾಡ್ ಆಯಿತು. ಅವರು ಯೆಹೂದಿ ಹೆಣ್ಣುಮಗಳು ಎಂಬುದು ಕನ್ನಡ ನಾಡಿನಲ್ಲಿ ತಿಳಿದವರು ಕಡಿಮೆ. ಕರ್ನಾಟಕದಲ್ಲಿ ಹುಟ್ಟಿ ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಇರಬೇಕಿತ್ತು.

ಜೆರುಷಾಗೆ ಹನ್ನೊಂದು ವಯಸ್ಸಾಗಿದ್ದಾಗ ಅಕ್ಕ ಕಾಯಿಲೆ ಬಿದ್ದಳು. ಮುಂಬೈಯ ಕಾಮಾ ಆಸ್ಪತ್ರೆಯ ಮಹಿಳಾ ವೈದ್ಯೆಯ ಕೈಯಲ್ಲಿ ಅಕ್ಕ ಗುಣವಾದದ್ದನ್ನು ಕಂಡು ತಾನೂ ಡಾಕ್ಟರ್ ಆಗಬೇಕೆಂದು ಜೆರುಷಾ ಆಗಲೇ ಗಟ್ಟಿ ಮಾಡಿಕೊಂಡರು. ಪುಣೆಯಲ್ಲಿ ಶಾಲೆ ಮುಗಿಸಿ, ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ, 1912ರಲ್ಲಿ ವೈದ್ಯ ಪದವಿ ಪಡೆದರು. ಲಂಡನ್ನಿಗೆ ಹೋಗಿ ಹೆಚ್ಚಿನ ಓದು ಓದುವ ಆಸೆಯಿತ್ತು, ಆದರೆ ಸರ್ಕಾರದ ವಿದ್ಯಾರ್ಥಿವೇತನ ಗಂಡುಮಕ್ಕಳಿಗೆ ಮಾತ್ರ. ಟಾಟಾ ಸಂಸ್ಥೆಯ ಸಾಲದ ನೆರವಿನಿಂದ ಹೊರಟರು. ಕೊನೆಗೆ ಆ ಸರ್ಕಾರಿ ವೇತನ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿತು, ಸಿಕ್ಕಿದ್ದು ಇವರಿಗೇ. 1919ರಲ್ಲಿ ಎಂ.ಡಿ. ಮುಗಿಸಿ ಮರಳಿದರು. 1920ರ ದಶಕದ ಆರಂಭದ ಕೆಲವು ವರ್ಷ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ದುಡಿದರು. ಆಮೇಲೆ ಸೇರಿದ್ದು ಅಕ್ಕನ ಜೀವ ಉಳಿಸಿದ ಅದೇ ಕಾಮಾ ಆಸ್ಪತ್ರೆ. 1947ರವರೆಗೆ ಅದರ ಹೊಣೆ ಹೊತ್ತರು. ಬಾಣಂತಿಯರು ಯಾಕೆ ಸಾಯುತ್ತಾರೆ ಎಂದು ಮುಂಬೈಯ ಉದ್ದಗಲಕ್ಕೂ ವಿಚಾರಣೆ ಮಾಡಿ ವರದಿ ಬರೆದರು. 1966ರಲ್ಲಿ ಪದ್ಮಶ್ರೀ ಬಂತು.

ಲಂಡನ್ನಿನಿಂದ ಅವರು ತಂದದ್ದು ವೈದ್ಯವಿದ್ಯೆ ಒಂದನ್ನೇ ಅಲ್ಲ. ಅಲ್ಲಿನ ಸುಧಾರಣಾವಾದಿ ಯೆಹೂದಿಗಳ ಪ್ರಾರ್ಥನಾ ಸಭೆಗಳಿಗೆ ಅವರು ಹೋಗುತ್ತಿದ್ದರು. 1925ರಲ್ಲಿ ಮುಂಬೈಯಲ್ಲಿ 'ಜ್ಯೂಯಿಷ್ ರಿಲಿಜಿಯಸ್ ಯೂನಿಯನ್' ಕಟ್ಟಲು ಮುಂದಾದರು. ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಾರ್ಥನೆ, ಹೆಣ್ಣು ಗಂಡು ಎನ್ನದೆ ಎಲ್ಲರಿಗೂ ಧರ್ಮದ ಪಾಠ ಎಂಬುದು ಅದರ ಗುರಿ. ತಮ್ಮ ಸಮಾಜದ ಹೆಂಗಸರಿಗಾಗಿ 'ಸ್ತ್ರೀ ಮಂಡಲ' ಕಟ್ಟುವುದರಲ್ಲೂ ಅವರ ಕೈಯಿತ್ತು. ಹಗಲೆಲ್ಲ ಹೆರಿಗೆ ಕೋಣೆಯಲ್ಲಿ ನಿಂತ ವೈದ್ಯೆಗೆ, ತಾಯಂದಿರು ಅರ್ಥ ಮಾಡಿಕೊಂಡು ಪ್ರಾರ್ಥಿಸಬೇಕು ಎನ್ನುವುದೂ ಅಷ್ಟೇ ಮುಖ್ಯವಾಗಿತ್ತು.

ಝಿರಾಡ್ ಎಂಬ ಹೆಸರಿಗೂ ಕಲಿಸುವ ಕೆಲಸಕ್ಕೂ ಹಳೆಯ ನಂಟಿದೆ. ಇವರ ಸಮುದಾಯದ ಹೆಸರು ಬೆನೆ ಇಸ್ರೇಲ್. ಕೊಂಕಣದ ನವಗಾಂವ್ ಬಳಿ ಹಡಗು ಒಡೆದು, ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಅವರ ಸಂತತಿ ನಾವು ಎನ್ನುವುದು ಹಿರಿಯರ ಮಾತು. ಹಳ್ಳಿಗಳಲ್ಲಿ ನೆಲೆಸಿ ಗಾಣ ಹಾಕಿದರು. ಶನಿವಾರ ಬಂದರೆ ಎತ್ತು ಬಿಚ್ಚಿ ಗಾಣ ನಿಲ್ಲಿಸುತ್ತಿದ್ದರು. ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಶತಮಾನಗಳು ಕಳೆಯುತ್ತ ಧರ್ಮಗ್ರಂಥ ಕೈಬಿಟ್ಟಿತು, ಹೀಬ್ರೂ ಮರೆತುಹೋಯಿತು. ದೇವರು ಒಬ್ಬನೇ ಎಂದು ಸಾರುವ 'ಶೆಮಾ' ಪ್ರಾರ್ಥನೆ, ಗಂಡುಮಕ್ಕಳ ಸುನ್ನತಿ, ಶನಿವಾರದ ಬಿಡುವು, ಊಟದ ಕಟ್ಟುಪಾಡು ಇಷ್ಟು ಉಳಿದವು.

ಕೊಚ್ಚಿಯ ಕಡೆಯಿಂದ ಡೇವಿಡ್ ರಾಹಬಿ ಎಂಬ ಯೆಹೂದಿ ಪಂಡಿತ ಆ ಹಳ್ಳಿಗಳಿಗೆ ಬಂದ ಕಥೆಯನ್ನು ಅವರು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಇವರು ನಮ್ಮವರೇ ಹೌದೋ ಅಲ್ಲವೋ ಎಂದು ತಿಳಿಯಲು ಆತ ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟು ಅಡುಗೆ ಮಾಡಿ ಎಂದ. ಅವರು ಒಂದೊಂದನ್ನೇ ತಿರುವಿ ನೋಡಿ, ಈಜುರೆಕ್ಕೆಯೂ ಹುರುಪೆಯೂ ಇದ್ದ ಮೀನನ್ನು ಒಂದು ಕಡೆ ಇಟ್ಟರು, ಇಲ್ಲದ್ದನ್ನು ಬದಿಗೆ ಸರಿಸಿದರು. ಯಾಕೆ ಎಂದು ಕೇಳಿದರೆ, ಇದನ್ನು ನಾವು ತಿನ್ನುವುದಿಲ್ಲ ಎಂದರು. ಗ್ರಂಥದ ನಿಯಮವೂ ಅದೇ. ರಾಹಬಿ ಆಮೇಲೆ ಝಿರಾಡ್‌ಕರ್, ರಾಜ್‌ಪುರ್‌ಕರ್, ಶಾಪುರ್‌ಕರ್ ಎಂಬ ಮೂರು ಮನೆತನಗಳಿಂದ ಒಬ್ಬೊಬ್ಬರನ್ನು ಆರಿಸಿ, ಹೀಬ್ರೂ ಕಲಿಸಿ, ಸಮಾಜಕ್ಕೆ ಗುರುಗಳನ್ನಾಗಿ ಮಾಡಿದನಂತೆ. ಪುಸ್ತಕವೇ ಇಲ್ಲದ ಊರಿನಲ್ಲಿ ಅಷ್ಟು ಕಾಲ ಪಾಠ ಉಳಿಸಿದ್ದು ಮೀನು ತೊಳೆಯುವ ಆ ಹೆಣ್ಣುಮಕ್ಕಳು.

ಅಡುಗೆಮನೆಯ ಆ ಪಾಠ ಇವತ್ತಿಗೂ ನಿಂತಿಲ್ಲ. ಶುಕ್ರವಾರ ಸಂಜೆ ದೀಪ ಹಚ್ಚಿ, ಶನಿವಾರದ ಬಿಡುವಿನ ದಿನವಾದ ಶಬ್ಬಾತ್ ಬರಮಾಡಿಕೊಳ್ಳುವಾಗ ದ್ರಾಕ್ಷಾರಸದ ಬದಲು ಒಣದ್ರಾಕ್ಷಿಯ ಶರಬತ್ತು ಇಡುತ್ತಾರೆ. ಕಪ್ಪು ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಮಾಂಸದ ಊಟದ ಜೊತೆ ಹಾಲು ಕೂಡದು, ಹಾಗಾಗಿ ಸಿಹಿತಿಂಡಿಗೆ ತೆಂಗಿನಹಾಲು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹರಕೆ ತೀರಿಸುವ ದಿನ 'ಮಲಿದಾ' ಮಾಡುತ್ತಾರೆ. ತೊಳೆದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ ತಟ್ಟೆಯ ನಡುವೆ ಗುಡ್ಡೆ ಮಾಡಿ, ಸುತ್ತ ಹಣ್ಣು ಜೋಡಿಸುತ್ತಾರೆ. ಕೊಟ್ಟೂರು ತೇರಿಗೆ ನಮ್ಮ ಮನೆಗಳಲ್ಲಿ ಮಾದ್ಲಿ ಕಲಸುವ ಸಡಗರವೇ ಅಲ್ಲಿಯೂ ಇರುತ್ತದೆ. ಪಾಸೋವರ್ ಹಬ್ಬದ ರಾತ್ರಿಯ ಊಟವಂತೂ ಮಕ್ಕಳಿಗಾಗಿಯೇ ಇರುವ ಪಾಠ. ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ ಎಂದು ಮನೆಯ ಅತಿ ಕಿರಿಯ ಮಗು ಕೇಳಬೇಕು, ದೊಡ್ಡವರು ಈಜಿಪ್ಟಿನ ಜೀತದಿಂದ ಬಿಡುಗಡೆಯಾದ ಕಥೆ ಹೇಳಬೇಕು. ಮಗು ಕೇಳದೆ ಊಟ ಮುಂದೆ ಸಾಗದು.

ಮರಾಠಿ ಕೀರ್ತನೆಯನ್ನೂ ಅವರು ಬಿಡಲಿಲ್ಲ. 1880ರ ಹೊತ್ತಿಗೆ ಅಬ್ರಹಾಮ, ಯೋಸೇಫ, ಮೋಶೆಯರ ಕಥೆಗಳನ್ನು ನಮ್ಮ ಹರಿಕಥೆಯ ಧಾಟಿಯಲ್ಲಿ ಕಟ್ಟಿ ಹಾಡತೊಡಗಿದರು. ಶಾಲೆಯ ಪಾಠ ಅದಕ್ಕೂ ಮೊದಲೇ ಶುರುವಾಗಿತ್ತು. 1875ರಲ್ಲಿ ಹಾಯಿಮ್ ಸಾಮ್ಯುಯೆಲ್ ಕೆಹಿಮ್‌ಕರ್ ಮತ್ತು ಸಂಗಡಿಗರು ಮುಂಬೈಯಲ್ಲಿ ತೆರೆದ ಇಸ್ರೇಲೈಟ್ ಶಾಲೆ ಮುಂದೆ ಸರ್ ಎಲ್ಲಿ ಕದೂರಿ ಶಾಲೆಯಾಯಿತು.

ಇನ್ನು ಬೀದಿಯ ಪಾಠ. ಮುಂಬೈಯ ಮಾಂಡವಿಯಲ್ಲಿ ಸಾಮ್ಯುಯೆಲ್ ಸ್ಟ್ರೀಟ್ ಇದೆ. ಅಲ್ಲಿನ 'ಶಾರ್ ಹರಹಮೀಮ್', ಅಂದರೆ ಕರುಣೆಯ ಬಾಗಿಲು, ಮುಂಬೈಯ ಮೊದಲ ಸಿನಗಾಗ್. ಹತ್ತಿರದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಈ ಪ್ರಾರ್ಥನಾ ಮಂದಿರದಿಂದಲೇ ಎಂದು ಹೇಳುತ್ತಾರೆ. ಕಟ್ಟಿಸಿದವರು ಕಂಪನಿ ಸೈನ್ಯದ ಅಧಿಕಾರಿ ಸಾಮ್ಯುಯೆಲ್ ಎಜಿಕೀಯೆಲ್ ದಿವೇಕರ್. ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕಿ ಟಿಪ್ಪುವಿನ ಮುಂದೆ ನಿಂತಾಗ, ನಿನ್ನ ಜಾತಿ ಯಾವುದು ಎಂದು ಕೇಳಿದರಂತೆ. ಬೆನೆ ಇಸ್ರೇಲ್ ಎಂದದ್ದು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನಿನಲ್ಲಿ ಓದಿದ ಆ ಜನ ಇನ್ನೂ ಇದ್ದಾರೆಯೇ ಎಂದು ಬೆರಗಾಗಿ ಆಕೆ ಪ್ರಾಣಭಿಕ್ಷೆ ಕೊಡಿಸಿದರು ಎನ್ನುವುದು ಸಮುದಾಯದ ಹಿರಿಯರು ಹೇಳುವ ಕಥೆ. ಬಿಡುಗಡೆಯ ಕೃತಜ್ಞತೆಗೆ ದಿವೇಕರ್ 1796ರಲ್ಲಿ ಸಿನಗಾಗ್ ಕಟ್ಟಿಸಿದರು. ಮರುವರ್ಷ ಅದಕ್ಕೆ ಧರ್ಮಗ್ರಂಥ ತೋರಾದ ಸುರುಳಿ ತರಲೆಂದು ಕೊಚ್ಚಿಗೆ ಹೋದವರು ಅಲ್ಲಿಯೇ ತೀರಿಕೊಂಡರು. ಶ್ರೀರಂಗಪಟ್ಟಣದ ಬಂದೀಖಾನೆ ನೋಡಿ ಬರುವ ನಮ್ಮ ಶಾಲಾ ಪ್ರವಾಸಗಳಲ್ಲಿ ಈ ಕಥೆಯನ್ನು ಹೇಳುವವರು ಸಿಕ್ಕರೆ ಎಷ್ಟು ಚೆನ್ನ.

ಬೈಖಲಾದಲ್ಲಿ ಡೇವಿಡ್ ಸಸೂನ್ 1861ರಲ್ಲಿ ಕಟ್ಟಿಸಿದ ತಿಳಿನೀಲಿ ಬಣ್ಣದ ಮಾಗೆನ್ ಡೇವಿಡ್ ಸಿನಗಾಗ್ ಇದೆ. ಅದರ ಆವರಣದ ಶಾಲೆಯಲ್ಲಿ ಈಗ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ಕಾಲಾ ಘೋಡಾದ 1884ರ ಕೆನೆಸೆತ್ ಎಲಿಯಾಹು ಸಿನಗಾಗ್ 2019ರಲ್ಲಿ ದುರಸ್ತಿಗೊಂಡು ಮತ್ತೆ ತೆರೆಯಿತು. ಬೆಂಗಳೂರಿನಲ್ಲೂ ಯೆಹೂದಿಗಳ ಹೆಜ್ಜೆಗಳಿವೆ. ಅವರ ಸ್ಮಶಾನಕ್ಕೆ 1904ರಲ್ಲಿ ನೆಲ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಟ್ಲರನ ಜರ್ಮನಿ ಬಿಟ್ಟು ಬಂದ ಯೆಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದಲ್ಲಿ ದುಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರದು. ಅದರ ನೆರಳಲ್ಲಿ ಕೂರುವ ಎಷ್ಟೋ ಮಂದಿಗೆ ಅದನ್ನು ಕಟ್ಟಿದವರು ಆಸರೆ ಹುಡುಕಿ ಬಂದವರೆಂದು ಗೊತ್ತಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಬೆನೆ ಇಸ್ರೇಲರು 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಒಬ್ಬೊಬ್ಬರಾಗಿ ಹೊರಟುಹೋದರು. ಈಗ ಇಲ್ಲಿ ಉಳಿದವರು ಕೆಲವೇ ಸಾವಿರ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ಕೊಟ್ಟಿತು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸೇರುವುದೇ ಕೆಲವು ಸಿನಗಾಗ್‌ಗಳಲ್ಲಿ ಕಷ್ಟ. ಆದರೂ ಮಕ್ಕಳಿಗೆ ಹೀಬ್ರೂ ಅಕ್ಷರ ಕಲಿಸುವುದು, ಹಬ್ಬಕ್ಕೆ ಮನೆಮಂದಿಯನ್ನೆಲ್ಲ ಸೇರಿಸುವುದು, ಬಂದವರಿಗೆ ಬಾಗಿಲು ತೆರೆದು ಕಥೆ ಹೇಳುವುದು ನಡೆದೇ ಇದೆ.

ಇದನ್ನೆಲ್ಲ ಓದುವಾಗ ನಮ್ಮ ತಾಲ್ಲೂಕುಗಳ ಕಡೆಗೆ ಮನಸ್ಸು ಹೋಗುತ್ತದೆ. ಹರಪನಹಳ್ಳಿ ಬಳಿಯ ಬಾಗಳಿಯಲ್ಲಿ ಸಾವಿರ ವರ್ಷ ದಾಟಿದ ಕಲ್ಲೇಶ್ವರ ಗುಡಿ, ಒಂದಕ್ಕಿಂತ ಒಂದು ಬೇರೆ ಕೆತ್ತನೆಯ ಅದರ ಕಂಬಗಳು. ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರೆಯ ದಡದ ಮಲ್ಲಿಕಾರ್ಜುನ, ಕೊಟ್ಟೂರು ಸಮೀಪದ ಅಂಬಳಿ, ಗಾಂಧೀಜಿಯ ಚಿತಾಭಸ್ಮ ಕಾಪಾಡಿಕೊಂಡ ಕೂಡ್ಲಿಗಿಯ ಹುತಾತ್ಮ ಸ್ಮಾರಕ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಹಕ್ಕಿಗಳು. ಒಂದು ಭಾನುವಾರ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು, ಅಜ್ಜಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ, ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆಯಬೇಕು. ಕೆಲವೇ ಸಾವಿರ ಜನ ಇಷ್ಟನ್ನು ಜೋಪಾನ ಮಾಡಿದ್ದಾರೆ. ಐದು ತಾಲ್ಲೂಕು ತುಂಬ ಇರುವ ನಮಗೆ ಅದು ಹೊರೆಯಾಗಬಾರದು. ಹಾಗೆ ನಡೆಯುವವರು ಒಮ್ಮೆ ಶಿವಮೊಗ್ಗವನ್ನು ಹಾದುಹೋದರೆ, ಅಲ್ಲಿ ಹುಟ್ಟಿದ ಜೆರುಷಾ ಎಂಬ ಡಾಕ್ಟರಮ್ಮನ ಕಥೆಯನ್ನೂ ಮಕ್ಕಳಿಗೆ ಹೇಳಲಿ. ಅವರ ಜನ ಊರು ಬಿಟ್ಟು ದೂರ ಹೋಗಿದ್ದಾರೆ, ಆ ಕಥೆಯನ್ನು ಇಲ್ಲಿ ಹೇಳಬೇಕಾದವರು ಇನ್ನು ನಾವೇ.