ನಿಮ್ಮೂರು ಯಾವ ಸೀಮೆಗೆ ಸೇರಿದ್ದು?



ಶಾಲೆ, ಆಸ್ಪತ್ರೆ, ಕೆಲಸದ ಅರ್ಜಿ ಇವುಗಳಲ್ಲಿ ಎಲ್ಲೋ ಒಂದು ಕಡೆ ನೀವು ಯಾವ ಜನಾಂಗದವರು ಎಂಬ ಪ್ರಶ್ನೆ ನಿಮಗೆ ಎದುರಾಗಿಯೇ ಇರುತ್ತದೆ. 'ಏಷ್ಯನ್' ಎಂಬ ತಲೆಬರಹ ಹುಡುಕಿ, ಅದರ ಕೆಳಗಿನ 'ಇಂಡಿಯನ್' ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗುತ್ತೀರಿ. ಆದರೆ ಆ ತಲೆಬರಹವೇ ಸ್ಥಿರವಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ 2001ರ ಜನಗಣತಿಯಲ್ಲಿ ಚೀನೀಯರು 'ಏಷ್ಯನ್' ಗುಂಪಿನ ಹೊರಗಿದ್ದರು, 2011ರಲ್ಲಿ ಒಳಗೆ ಬಂದರು. ಚೀನಾ ಇದ್ದಲ್ಲೇ ಇತ್ತು, ಬದಲಾದದ್ದು ಅರ್ಜಿ ಮಾತ್ರ.

ನಾವು ದಕ್ಷಿಣ ಏಷ್ಯಾದವರು ಎನ್ನುತ್ತೇವಲ್ಲ, ಅದರಲ್ಲಿ ಎಷ್ಟು ದೇಶಗಳಿವೆ? 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್ ಕೂಟದ ಪ್ರಕಾರ ಮೊದಲು ಏಳು ಇದ್ದವು. 2007ರಲ್ಲಿ ಅಫ್ಘಾನಿಸ್ತಾನ ಸೇರಿ ಎಂಟಾದವು. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗದ ಪಟ್ಟಿಯಲ್ಲಿ ಒಂಬತ್ತಿವೆ, ಏಕೆಂದರೆ ಅದು ಇರಾನನ್ನೂ ಸೇರಿಸಿಕೊಳ್ಳುತ್ತದೆ. 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿದ್ದ ಬರ್ಮಾ ಎರಡರಲ್ಲೂ ಇಲ್ಲ, ಅದೀಗ ಆಗ್ನೇಯ ಏಷ್ಯಾ. ಇವುಗಳಲ್ಲಿ ಸರಿ ಯಾವುದು? ಒಂದು ವ್ಯಾಪಾರ ಮತ್ತು ಸಹಕಾರಕ್ಕಾಗಿ ಮಾಡಿಕೊಂಡ ಗುಂಪು, ಇನ್ನೊಂದು ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡದ್ದು. ಆದ್ದರಿಂದ ಸೀಮೆಯ ವಿಷಯ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಗೆರೆ ಎಳೆದವರು ಯಾರು? ಯಾವಾಗ? ಯಾವ ಕೆಲಸಕ್ಕಾಗಿ?

ನೀವಿರುವ ಊರಿಗೇ ಈ ಪ್ರಶ್ನೆಗಳನ್ನು ಕೇಳಿ ನೋಡಿ. ಗ್ರೇಟರ್ ಲಂಡನ್ ಈಗಿನ ರೂಪಕ್ಕೆ ಬಂದದ್ದು 1965ರ ಏಪ್ರಿಲ್ 1ರಂದು. ಅಂದು ಹ್ಯಾರೋ ಮಿಡ್ಲ್‌ಸೆಕ್ಸನ್ನೂ, ಕ್ರಾಯ್ಡನ್ ಸರ್ರೆಯನ್ನೂ, ಬ್ರಾಮ್ಲಿ ಕೆಂಟನ್ನೂ ಬಿಟ್ಟು ಲಂಡನ್ನಿಗೆ ಸೇರಿದವು. ಮಿಡ್ಲ್‌ಸೆಕ್ಸ್ ಆಡಳಿತದ ನಕ್ಷೆಯಿಂದಲೇ ಅಳಿಸಿಹೋಯಿತು. ಆದರೂ ಹ್ಯಾರೋದಲ್ಲಿ ಎಷ್ಟೋ ಜನ ಇಂದಿಗೂ ವಿಳಾಸದ ಕೊನೆಗೆ ಮಿಡ್ಲ್‌ಸೆಕ್ಸ್ ಎಂದು ಬರೆಯುತ್ತಾರೆ. ಲ್ಯಾಂಬೆತ್ ಸರ್ರೆ ಕೌಂಟಿಯನ್ನು ಬಿಟ್ಟದ್ದು ಇನ್ನೂ ಹಿಂದೆ, 1889ರಲ್ಲಿ. ಸರ್ರೆಯ ಕ್ರಿಕೆಟ್ ತಂಡ ಮಾತ್ರ ಈಗಲೂ ಲ್ಯಾಂಬೆತ್‌ನ ಓವಲ್ ಮೈದಾನದಲ್ಲೇ ಆಡುತ್ತದೆ. ಗೆರೆ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ.

ಅದೇ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಡದ ಮೇಲೆ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಬಸವಣ್ಣನವರು ಬದುಕಿ ದುಡಿದ ಕಲ್ಯಾಣ ಈಗಿನ ಬೀದರ್ ಜಿಲ್ಲೆಯಲ್ಲಿದೆ. ನಿಮ್ಮ ತಂದೆತಾಯಿ ಶಾಲೆಯಲ್ಲಿ ಓದುವಾಗ ಆ ಭಾಗದ ಹೆಸರು 'ಹೈದರಾಬಾದ್ ಕರ್ನಾಟಕ'. 2019ರಿಂದ ಅದು 'ಕಲ್ಯಾಣ ಕರ್ನಾಟಕ'.

ಈ ಎರಡು ಹೆಸರುಗಳ ಹಿಂದೆ ಒಂದು ಚರಿತ್ರೆ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬೊಂಬಾಯಿಯಲ್ಲಿ, ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದಿನಲ್ಲಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಇದ್ದವು. ಮೈಸೂರು ಒಂದು ರಾಜ್ಯ, ಕೊಡಗು ಇನ್ನೊಂದು. ಇವೆಲ್ಲ ಒಂದಾದ ಮೇಲೂ ಹಳೆಯ ಯಜಮಾನರ ಹೆಸರು ಪ್ರದೇಶಗಳಿಗೆ ಅಂಟಿಕೊಂಡೇ ಉಳಿಯಿತು.

ಹೆಸರಿನ ಜೊತೆ ಹಕ್ಕೂ ಬರುತ್ತದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ಇದೆ. ಈ ಪಟ್ಟಿಯಲ್ಲಿ ಬಳ್ಳಾರಿಯೂ ಸೇರಿದೆ. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅದು ಮದ್ರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂತು. ಚರಿತ್ರೆಯ ನಕ್ಷೆಯಲ್ಲಿ ಬಳ್ಳಾರಿ ಒಂದು ಕಡೆ, ಸವಲತ್ತಿನ ನಕ್ಷೆಯಲ್ಲಿ ಇನ್ನೊಂದು ಕಡೆ. ಎರಡನೆಯ ನಕ್ಷೆಯ ಉದ್ದೇಶ ಹಿಂದುಳಿದ ಪ್ರದೇಶಕ್ಕೆ ನೆರವು ಕೊಡುವುದು. ಬಳ್ಳಾರಿಯ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಸೀಟು ಸಿಗುವಾಗ ಲೆಕ್ಕಕ್ಕೆ ಬರುವುದು ಇದೇ.

ಗೆರೆಯ ಆಚೆ ಉಳಿದವರ ಪಾಡು ಬೇರೆ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಅಲ್ಲಿನ ಮಂಜೇಶ್ವರ ರಾಷ್ಟ್ರಕವಿ ಗೋವಿಂದ ಪೈಗಳ ಊರು. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂದು ಬದುಕಿನುದ್ದಕ್ಕೂ ಹೋರಾಡಿದರು. ಮಹಾಜನ್ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬಹುದೆಂದಿತು, ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದಿತು. ಕೇರಳ ಒಪ್ಪಲಿಲ್ಲ, ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಹಾಗೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿ ಒಂದು ಮಾತನ್ನು ನೆನಪಿಡಿ. ಬೆಳಗಾವಿಯಲ್ಲಿ ಮರಾಠಿ ಮಾತಾಡುವ ಮನೆಗಳಿವೆ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾತಾಡುವ ಮನೆಗಳಿವೆ. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಒಂದೇ ಪೇಟೆಯಲ್ಲಿ ಕೇಳಿಸುತ್ತವೆ. ಭಾಷೆ ಬೇಲಿ ಹಾಕಿಕೊಂಡು ಬೆಳೆಯುವುದಿಲ್ಲ, ಹಾಗಾಗಿ ಗೆರೆಯನ್ನು ಎಲ್ಲಿ ಎಳೆದರೂ ಯಾರೋ ಒಬ್ಬರು ಆಚೆ ಉಳಿಯುತ್ತಾರೆ. ಗಡಿ ಬದಲಾಗಲಿ, ಬಿಡಲಿ, ಆ ಮನೆಯ ಮಗುವಿಗೆ ತನ್ನ ಭಾಷೆಯ ಶಾಲೆ, ಆ ಭಾಷೆ ಬಲ್ಲ ಮೇಷ್ಟ್ರು ಸಿಗಬೇಕು. ನನ್ನ ಮಟ್ಟಿಗೆ ಗಡಿ ವಿವಾದದಲ್ಲಿ ಮೊದಲು ಕೇಳಬೇಕಾದ ಮಾತು ಇದೇ. ಕನ್ನಡದ ಗೆರೆಗಳಿಂದ ಬಹುದೂರ ಕುಳಿತು, ವಾರಕ್ಕೊಂದು ದಿನ ಕನ್ನಡ ಕಲಿಯುವ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: "ನಮ್ಮೂರು 1956ಕ್ಕೆ ಮೊದಲು ಯಾರ ಆಡಳಿತದಲ್ಲಿತ್ತು? ಆಗ ಶಾಲೆಯಲ್ಲಿ ಯಾವ ಭಾಷೆ ಕಲಿಸುತ್ತಿದ್ದರು?" ಕೆಲವರು ಮರಾಠಿ ಎನ್ನಬಹುದು, ಕೆಲವರು ಉರ್ದು ಎನ್ನಬಹುದು. ಅರ್ಜಿಯ ಚೌಕದಲ್ಲಿ ಹಿಡಿಸದ ನಿಮ್ಮ ಮನೆಯ ಚರಿತ್ರೆ ಆ ಉತ್ತರದಲ್ಲಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.