ತಪ್ಪಿಸಿದ ಗುಳಿಗೆಯ ವಿಷಯ ಮುಚ್ಚಿಡಬೇಡಿ
(ಸಕ್ಕರೆ ಕಾಯಿಲೆ ಇರುವವರಿಗೆ ಹಾಗೂ ಅವರ ಮನೆಯವರಿಗೆ)

ಸಕ್ಕರೆ ಕಾಯಿಲೆ, ಅಂದರೆ ಮಧುಮೇಹ ಇರುವವರು ವೈದ್ಯರನ್ನು ಕಾಣುವುದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಉಳಿದ ದಿನಗಳಲ್ಲಿ ಏನು ಉಣ್ಣಬೇಕು, ಗುಳಿಗೆ ಯಾವಾಗ ನುಂಗಬೇಕು, ಹೊಲಕ್ಕೆ ಬರಿಗಾಲಲ್ಲಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ನೀವೇ. ಇಷ್ಟೊಂದು ತೀರ್ಮಾನಗಳಲ್ಲಿ ಕೆಲವು ತಪ್ಪುವುದು ಸಹಜ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ತಪ್ಪನ್ನು ಮುಚ್ಚಿಟ್ಟರೆ ಅಪಾಯವಿದೆ.

ಮುಚ್ಚಿಟ್ಟರೆ ಏನಾಗುತ್ತದೆ?

ಒಂದು ಉದಾಹರಣೆ ನೋಡೋಣ. ಒಬ್ಬರಿಗೆ ದಿನಕ್ಕೆ ಎರಡು ಗುಳಿಗೆ ಬರೆದುಕೊಟ್ಟಿದ್ದಾರೆ. ಆರಾಮ ಎನಿಸಿದ ಮೇಲೆ ಅವರು ರಾತ್ರಿಯ ಗುಳಿಗೆ ಬಿಟ್ಟುಬಿಡುತ್ತಾರೆ. ತಪಾಸಣೆಗೆ ಬಂದಾಗ ಸಕ್ಕರೆ ಹೆಚ್ಚಿರುತ್ತದೆ. ‘ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ, ಬೈಸಿಕೊಳ್ಳುವ ಅಂಜಿಕೆಯಿಂದ ‘ಹೌದ್ರಿ’ ಎನ್ನುತ್ತಾರೆ. ಔಷಧಿ ಸಾಲುತ್ತಿಲ್ಲವೆಂದು ತಿಳಿದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಊರಿಗೆ ಹೋದ ಮೇಲೆ ಮಗಳು ಎದುರಿಗೆ ನಿಂತು ಎಲ್ಲ ಗುಳಿಗೆಗಳನ್ನೂ ನುಂಗಿಸುತ್ತಾಳೆ. ಆಗ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆಸುತ್ತು ಶುರುವಾಗುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಪ್ರಾಣಕ್ಕೂ ಕುತ್ತು ತರಬಹುದು.

ಪರೀಕ್ಷೆಗೆ ಮುಂಚೆ ಎರಡು ದಿನ ಪಥ್ಯ ಮಾಡಿ ಬಂದರೂ ಪ್ರಯೋಜನವಿಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ.

ಇನ್ಸುಲಿನ್ ಬಂದದ್ದೂ ಹೀಗೆಯೇ

1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಔಷಧಿ ಶುದ್ಧವಾಗಿರಲಿಲ್ಲ, ಹುಡುಗನಿಗೆ ಗುಣ ಕಾಣಲಿಲ್ಲ. ವೈದ್ಯರು ಅದನ್ನು ನಿಲ್ಲಿಸಿ, ಎಲ್ಲಿ ತಪ್ಪಿತೆಂದು ಹುಡುಕಿದರು. ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಗೊಳಿಸಿದರು. ಜನವರಿ 23ರಿಂದ ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಹುಡುಗ ಮುಂದೆ 13 ವರ್ಷ ಬದುಕಿದ. ಮೊದಲ ಸಲ ಗುಣವಾಗಲಿಲ್ಲ ಎಂಬುದನ್ನು ಅವರು ಒಪ್ಪಿಕೊಳ್ಳದಿದ್ದರೆ ಎರಡನೆಯ ಔಷಧಿ ಸಿದ್ಧವಾಗುತ್ತಿರಲಿಲ್ಲ.

ತಪ್ಪಾದಾಗ ಏನು ಮಾಡಬೇಕು?

1. ಮೊದಲು ಉಪಚಾರ: ಬೆವರು, ನಡುಕ ಬಂದರೆ ಅಥವಾ ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕುಡಿಯಿರಿ. ಆಮೇಲೆ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

2. ಎರಡರಷ್ಟು ನುಂಗಬೇಡಿ: ನಿನ್ನೆಯ ಗುಳಿಗೆ ತಪ್ಪಿತೆಂದು ಇಂದು ಎರಡು ನುಂಗಬಾರದು.

3. ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಉಂಡಿದ್ದಿರಿ, ಏನು ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ.

4. ಕಾರಣ ಹುಡುಕಿ: ಗುಳಿಗೆ ನುಂಗಿ ಊಟ ಮಾಡದೆ ಹೊಲಕ್ಕೆ ಹೋದಿರಾ? ಉಪವಾಸವಿತ್ತೇ? ಗುಳಿಗೆ ಕೊಳ್ಳಲು ಹಣ ಸಾಲಲಿಲ್ಲವೇ? ‘ನನ್ನ ಹಣೆಬರಹ’ ಎಂದು ಕೈಬಿಟ್ಟರೆ ಕಾರಣ ಸಿಗುವುದಿಲ್ಲ.

5. ಒಂದನ್ನು ಬದಲಿಸಿ: ಊಟದ ಜೊತೆಗಿನ ಗುಳಿಗೆಯನ್ನು ಬುತ್ತಿಯ ಜೊತೆಗೇ ಕಟ್ಟಿಕೊಳ್ಳಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ಆದರೆ ಗುಳಿಗೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ.

6. ವೈದ್ಯರಿಗೆ ತಿಳಿಸಿ: ‘ವಾರದಲ್ಲಿ ಮೂರು ದಿನ ತಪ್ಪಿತ್ರಿ’ ಎಂದು ಹೇಳಿದರೆ ಅವರು ಔಷಧಿಯ ಸಮಯ ಬದಲಿಸಬಹುದು, ಕಡಿಮೆ ಬೆಲೆಯದನ್ನು ಬರೆದುಕೊಡಬಹುದು. ಉಪವಾಸ ಮಾಡುವುದಿದ್ದರೆ ಮೊದಲೇ ಕೇಳಿಕೊಳ್ಳಿ.

ಮನೆಯವರಿಗೆ ಒಂದು ಮಾತು

ರೋಗಿಯನ್ನು ಎಲ್ಲರೆದುರು ಬೈದರೆ ಅವರು ಮುಂದಿನ ತಪ್ಪನ್ನು ನಿಮ್ಮಿಂದಲೂ ಮುಚ್ಚಿಡುತ್ತಾರೆ. ‘ಯಾಕೆ ತಪ್ಪಿಸಿದಿ?’ ಎನ್ನುವ ಬದಲು ‘ಏನು ಅಡ್ಡ ಬಂತು?’ ಎಂದು ಕೇಳಿ. ಅವರಿಗೆ ಶಕ್ತಿ ಇರುವಾಗ ಎಲ್ಲವನ್ನೂ ನೀವೇ ವಹಿಸಿಕೊಳ್ಳಬೇಡಿ. ಗುಳಿಗೆ ಎಣಿಸುವುದು, ದಿನಾ ರಾತ್ರಿ ಅಂಗಾಲಿನಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳುವುದು ಅವರ ಕೆಲಸವಾಗಿರಲಿ. ಕಣ್ಣು ಮಂಜಾದವರಿಗೆ ಮಾತ್ರ ನೀವು ನೋಡಿ ಹೇಳಿ.

ಮುಂದಿನ ಸಲ ತಪಾಸಣೆಗೆ ಬರುವಾಗ ಚೀಟಿ, ಉಳಿದ ಗುಳಿಗೆಗಳು, ನೋಟ್‌ಬುಕ್ ಮೂರನ್ನೂ ತನ್ನಿ. ಉಳಿದ ಗುಳಿಗೆಗಳನ್ನು ಮನೆಯಲ್ಲಿ ಬಚ್ಚಿಟ್ಟು ಬರಬೇಡಿ.